ಶರಾವತಿ ಜೋಗದಲ್ಲೇ ಮುಗಿಯುವುದಿಲ್ಲ

ಶರಾವತಿ ಎಲ್ಲಿ ಹುಟ್ಟುತ್ತದೆ ಅಂತ ಈ ಸಭೆಯಲ್ಲಿ ಯಾರನ್ನು ಕೇಳಿದರೂ ಉತ್ತರ ಸಿಗುತ್ತದೆ. ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥ. ಎಲ್ಲಿ ಸಮುದ್ರ ಸೇರುತ್ತದೆ ಅಂದರೆ ಹೊನ್ನಾವರ ಅಂತಲೂ ಹೇಳುತ್ತೀರಿ. ಆದರೆ ಹೊನ್ನಾವರದಲ್ಲಿ ಆ ನೀರು ಏನು ಮಾಡುತ್ತದೆ ಅಂತ ಕೇಳಿದರೆ ಸುಮ್ಮನಾಗುತ್ತೀರಿ. ಸುಮಾರು 128 ಕಿಲೋಮೀಟರ್ ಹರಿಯುವ ಹೊಳೆ ಇದು. 253 ಮೀಟರ್ ಎತ್ತರದಿಂದ ಜೋಗದಲ್ಲಿ ಧುಮುಕುತ್ತದೆ, ನಾವು ಫೋಟೋ ತೆಗೆದುಕೊಂಡು ಮನೆಗೆ ಬರುತ್ತೇವೆ. ನಮ್ಮ ಮಟ್ಟಿಗೆ ಹೊಳೆ ಅಲ್ಲಿಗೆ ಮುಗಿಯಿತು. ಇವತ್ತು ನಾನು ಮಾತಾಡಬೇಕು ಅಂತಿರುವುದು ಜೋಗದ ಕೆಳಗಿನ ಶರಾವತಿಯ ಬಗ್ಗೆ, ಅದೂ ಅದರ ಕೊನೆಯ ಕೆಲವು ಮೈಲಿಗಳ ಬಗ್ಗೆ, ಅಲ್ಲಿ ಒಂದು ಸಂಶೋಧನಾ ಮೀಸಲು ಯಾಕೆ ಬೇಕು ಅನ್ನುವುದರ ಬಗ್ಗೆ.

ಹೊಳೆ ಸಮುದ್ರ ಸೇರುವ ಜಾಗಕ್ಕೆ ಅಳಿವೆ ಅನ್ನುತ್ತೇವೆ. ಇದು ಒಂದು ಗೆರೆಯಲ್ಲ, ಒಂದು ಪ್ರದೇಶ. ದಿನಕ್ಕೆ ಎರಡು ಸಲ ಸಮುದ್ರ ಒಳಗೆ ಬರುತ್ತದೆ, ಎರಡು ಸಲ ಹಿಂದೆ ಹೋಗುತ್ತದೆ. ಕರಾವಳಿಯವರು ಇದಕ್ಕೆ ಭರತ, ಇಳಿತ ಅಂತಾರೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಹೊಳೆ ನೀರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಉಪ್ಪು ನೀರು ಭಾರ, ಹಾಗಾಗಿ ಅದು ತಳದಲ್ಲಿ ಒಳಗೆ ನುಗ್ಗುತ್ತದೆ, ಸಿಹಿ ನೀರು ಅದರ ಮೇಲೆ ಹರಿದು ಹೊರಗೆ ಹೋಗುತ್ತದೆ. ಒಂದೇ ಜಾಗದಲ್ಲಿ ದೋಣಿ ನಿಲ್ಲಿಸಿ ಮೇಲಿನ ನೀರು, ತಳದ ನೀರು ಎರಡನ್ನೂ ಅಳೆದರೆ ಬೇರೆ ಬೇರೆ ಲೆಕ್ಕ ಬರುತ್ತದೆ. ಜುಲೈ ತಿಂಗಳಲ್ಲಿ ಘಟ್ಟದ ಮೇಲೆ ಮಳೆ ಹಿಡಿದಾಗ ಇಡೀ ಅಳಿವೆ ಹೆಚ್ಚುಕಡಿಮೆ ಸಿಹಿ ನೀರೇ. ಅಣೆಕಟ್ಟು ಇಲ್ಲದ ಹೊಳೆಯಾದರೆ ಏಪ್ರಿಲ್, ಮೇ ಹೊತ್ತಿಗೆ ಅದೇ ಜಾಗ ಸಮುದ್ರದಷ್ಟೇ ಉಪ್ಪಾಗುವ ಹಾದಿ ಹಿಡಿದಿರುತ್ತದೆ.

ಇನ್ನೊಂದು ಸಂಗತಿ ನೋಡಿ. ಮಲೆನಾಡಿನಿಂದ ಹೊಳೆ ಹೊತ್ತು ತರುವ ನುಣ್ಣನೆಯ ಜೇಡಿಯ ಕಣಗಳು ಸಿಹಿ ನೀರಲ್ಲಿ ಒಂದನ್ನೊಂದು ದೂರ ತಳ್ಳುತ್ತ ತೇಲುತ್ತಲೇ ಇರುತ್ತವೆ. ಉಪ್ಪು ಸಿಕ್ಕ ಕೂಡಲೇ ಆ ತಳ್ಳಾಟ ಕಡಿಮೆಯಾಗಿ ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತವೆ, ತಳಕ್ಕೆ ಕೂರುತ್ತವೆ. ಅಳಿವೆಯ ಕೆಸರು ಬಯಲು ಹುಟ್ಟುವುದು ಹೀಗೆ. ಅಂದರೆ ಹೊಸನಗರದ ಗುಡ್ಡದ ಮಣ್ಣು, ಸಾಗರದ ಕಾಡಿನ ಕೊಳೆತ ಎಲೆ, ಎಲ್ಲ ಹೋಗಿ ಕೂರುವ ಜಾಗ ಅದು. ಆ ಕೆಸರಲ್ಲಿ ಬಳಚು ಅನ್ನುವ ಚಿಪ್ಪುಜೀವಿ ಬೆಳೆಯುತ್ತದೆ, ಏಡಿ ಬಿಲ ತೋಡುತ್ತದೆ, ಕಾಂಡ್ಲಾ ಗಿಡ, ಅಂದರೆ ಮ್ಯಾಂಗ್ರೋವ್, ಬೇರು ಬಿಡುತ್ತದೆ. ಕಾಂಡ್ಲಾ ಬೇರಿನ ಸಂದಿಯಲ್ಲಿ ಸಿಗಡಿ ಮತ್ತು ಮೀನಿನ ಮರಿಗಳು ದೊಡ್ಡ ಮೀನಿನ ಬಾಯಿಂದ ತಪ್ಪಿಸಿಕೊಂಡು ಬೆಳೆಯುತ್ತವೆ. ಸಾಗರದ, ಶಿವಮೊಗ್ಗದ ಮಾರ್ಕೆಟ್ಟಿಗೆ ಘಟ್ಟ ಹತ್ತಿ ಬರುವ ಮೀನಿನಲ್ಲಿ ಎಷ್ಟೋ ಜಾತಿಗಳು ಮರಿಯಾಗಿದ್ದಾಗ ಯಾವುದೋ ಒಂದು ಅಳಿವೆಯಲ್ಲಿ ಇದ್ದಂಥವೇ.

ಈಗ ಒಂದು ಮಾತು. "ಸಮುದ್ರಕ್ಕೆ ಹರಿದು ವ್ಯರ್ಥವಾಗುವ ನೀರು" ಅಂತ ನಾವು ಎಷ್ಟು ಸಲ ಕೇಳಿದ್ದೇವೆ! ಶರಾವತಿ ನೀರನ್ನು ಬೆಂಗಳೂರಿಗೆ ಒಯ್ಯುವ ಯೋಜನೆ ಬಂದಾಗಲೂ ಇದೇ ಮಾತು ಬಂತು. 2019ರಲ್ಲಿ ಶಿವಮೊಗ್ಗ ಜಿಲ್ಲೆ ಅದರ ವಿರುದ್ಧ ಬೀದಿಗಿಳಿಯಿತು. ಇಲ್ಲಿರುವ ಹಲವರು ಆಗ ಬೀದಿಯಲ್ಲಿದ್ದವರೇ. ಆದರೆ ನಾವು ಆಗ ಹೇಳಿದ್ದೇನು? ನಮ್ಮ ನೀರು ನಮಗೆ ಬೇಕು, ಕಾಡು ಹಾಳಾಗುತ್ತದೆ, ಮುಳುಗಡೆಯವರಿಗೇ ಇನ್ನೂ ನ್ಯಾಯ ಸಿಕ್ಕಿಲ್ಲ. ಎಲ್ಲವೂ ಸರಿಯಾದ ಮಾತು. ಆದರೆ ಹೊನ್ನಾವರದ ಬಳಚಿಗೂ ಆ ನೀರು ಬೇಕು, ಸರಿಯಾದ ಕಾಲದಲ್ಲಿ ಸರಿಯಾದಷ್ಟು ಬೇಕು ಅನ್ನುವ ಮಾತು ನಮ್ಮ ಘೋಷಣೆಗಳಲ್ಲಿ ಎದ್ದು ಕೇಳಲಿಲ್ಲ. ಮುಳುಗಡೆಯ ಕಥೆ ನಮಗೆ ಬಾಯಿಪಾಠ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಊರು ತೋಟ ಗದ್ದೆ ನೀರಿನಡಿ ಹೋಯಿತು. ಆದರೆ ಅಣೆಕಟ್ಟಿನ ಮೇಲೆ ಏನಾಯಿತು ಅನ್ನುವುದು ಅರ್ಧ ಕಥೆ. ಅದರ ಕೆಳಗೆ ಏನಾಯಿತು ಅನ್ನುವುದು ಉಳಿದರ್ಧ.

ಕೆಳಗೆ ಆದದ್ದು ಇಷ್ಟು. ಹೊಳೆಗೆ ಅದರದ್ದೇ ಒಂದು ಕಾಲಚಕ್ರ ಇತ್ತು. ಮಳೆಗಾಲದಲ್ಲಿ ಪ್ರವಾಹ, ಬೇಸಿಗೆಯಲ್ಲಿ ಸಣ್ಣ ಹರಿವು. ವಿದ್ಯುತ್ತಿಗೆ ಆ ಚಕ್ರ ಬೇಕಾಗಿಲ್ಲ. ಶರಾವತಿ ವಿದ್ಯುದಾಗಾರ ಒಂದರದ್ದೇ ಸಾಮರ್ಥ್ಯ 1035 ಮೆಗಾವಾಟ್. ಅದರ ಕೆಳಗೆ ಗೇರುಸೊಪ್ಪೆಯಲ್ಲಿ ಇನ್ನೊಂದು ಅಣೆಕಟ್ಟು, ಇನ್ನೊಂದು 240 ಮೆಗಾವಾಟ್. ಬೇಡಿಕೆ ಇದ್ದಾಗ ಟರ್ಬೈನ್ ತಿರುಗುತ್ತದೆ, ತಿರುಗಿದಾಗ ನೀರು ಕೆಳಗೆ ಹೋಗುತ್ತದೆ. ರಾಜ್ಯಕ್ಕೆ ಬೇಸಿಗೆಯಲ್ಲೇ ಕರೆಂಟ್ ಜಾಸ್ತಿ ಬೇಕು, ಅಲ್ವಾ? ಹಾಗಾಗಿ ಅಳಿವೆ ಉಪ್ಪಾಗಬೇಕಾದ ಮಾರ್ಚ್, ಏಪ್ರಿಲ್ ತಿಂಗಳಲ್ಲೇ ಅದಕ್ಕೆ ಸಿಹಿ ನೀರು ಬರುತ್ತದೆ. ನೀರು ಕಡಿಮೆಯಾಗಿದ್ದು ಮಾತ್ರ ತೊಂದರೆ ಅಂತ ನಾವು ತಿಳಿದಿರುತ್ತೇವೆ. ಕಾಲ ತಪ್ಪಿ ಬಂದ ಸಿಹಿ ನೀರೂ ತೊಂದರೆಯೇ. ಬಳಚು ಓಡಿ ಹೋಗುವ ಪ್ರಾಣಿಯಲ್ಲ. ಕೆಸರಲ್ಲಿ ಕೂತಲ್ಲೇ ಕೂತಿರುತ್ತದೆ. ಉಪ್ಪು ಬೇಕಾದ ಕಾಲದಲ್ಲಿ ಉಪ್ಪು ಸಿಗದಿದ್ದರೆ ಬೆಳೆಯುವುದಿಲ್ಲ, ಮರಿ ಮಾಡುವುದಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಉತ್ತರ ಕನ್ನಡದ ಅಳಿವೆಗಳನ್ನು ಹೋಲಿಸಿ ನೋಡಿದ್ದಾರೆ. ಶರಾವತಿ ಅಳಿವೆಯಲ್ಲಿ ಉಪ್ಪಿನಂಶ ಇಳಿದು ತಿನ್ನುವ ಬಳಚಿನ ಜಾತಿಗಳು ಕುಸಿದಿವೆ ಅಂತ ಅವರು ದಾಖಲಿಸಿದ್ದಾರೆ. ಅದೇ ಪಕ್ಕದ ಅಘನಾಶಿನಿಯಲ್ಲಿ ಬಳಚು ಸಮೃದ್ಧ. ಅದನ್ನು ಆರಿಸಿಯೇ ಸಾವಿರಾರು ಜನ ಬದುಕುತ್ತಾರೆ. ಎರಡು ಹೊಳೆಗಳ ಬಾಯಿಗಳ ನಡುವಿನ ದೂರ ಬಹಳ ಇಲ್ಲ. ಹೊನ್ನಾವರದಲ್ಲಿ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿಗೆ ಕುಮಟಾ. ಒಂದೇ ಘಟ್ಟ, ಹತ್ತಿರ ಹತ್ತಿರ ಒಂದೇ ಮಳೆ, ಒಂದೇ ಸಮುದ್ರ. ದೊಡ್ಡ ವ್ಯತ್ಯಾಸ ಒಂದೇ. ಶಿರಸಿಯಲ್ಲಿ ಹುಟ್ಟಿ ಉಂಚಳ್ಳಿಯಲ್ಲಿ ಧುಮುಕಿ ತದಡಿಯಲ್ಲಿ ಸಮುದ್ರ ಸೇರುವ ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ.

ಇದರ ಬೆಲೆ ಏನು ಅಂತ ವಿಜ್ಞಾನದ ವಿದ್ಯಾರ್ಥಿಗಳಿಗೆ ಗೊತ್ತಾಗುತ್ತದೆ. ಪ್ರಯೋಗಾಲಯದಲ್ಲಿ ಹೊಳೆಯನ್ನು ಕಟ್ಟಿ ನೋಡಲು ಆಗುವುದಿಲ್ಲ. ಇಲ್ಲಿ ಒಂದು ಕಟ್ಟಿದ ಹೊಳೆ, ಒಂದು ಕಟ್ಟದ ಹೊಳೆ, ಅಕ್ಕಪಕ್ಕ ಇವೆ. ಇಂಥ ಜೋಡಿ ಸುಲಭಕ್ಕೆ ಸಿಗುವಂಥದ್ದಲ್ಲ. ಸಿಕ್ಕಿದ್ದನ್ನು ನಾವು ದಿನದಿನವೂ ಅಳೆದು ಬರೆದಿಡುತ್ತಿಲ್ಲ ಅನ್ನುವುದು ನನ್ನ ದೊಡ್ಡ ಸಂಕಟ.

ಅಳೆಯುವುದು ಅಂದೆ. ಅದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇವತ್ತಿನ ಮಾತಿನ ತಿರುಳು ಅದೇ. ಅಳಿವೆಯ ನೀರಿನ ಗುಣ ಗಂಟೆಗಂಟೆಗೆ ಬದಲಾಗುತ್ತದೆ. ಭರತ ಬಂದಾಗ ಒಂದು, ಇಳಿದಾಗ ಒಂದು. ಹಗಲಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ಎಲ್ಲ ಜೀವಿಗಳೂ ಸೇರಿ ಅದನ್ನು ಬಳಸುತ್ತವೆ, ಬೆಳಗಿನ ಜಾವ ಆಮ್ಲಜನಕ ಬಹಳ ಕೆಳಗೆ ಹೋಗಿರುತ್ತದೆ. ಮೀನು ಸಾಯುವುದಿದ್ದರೆ ಆ ಹೊತ್ತಲ್ಲಿ ಸಾಯುತ್ತದೆ. ನಾವು ತಿಂಗಳಿಗೊಂದು ದಿನ, ಬೆಳಗ್ಗೆ ಹನ್ನೊಂದು ಗಂಟೆಗೆ, ಜೀಪಲ್ಲಿ ಹೋಗಿ ಒಂದು ಬಾಟಲಿ ನೀರು ತುಂಬಿಕೊಂಡು ಬಂದರೆ ಏನು ತಿಳಿಯುತ್ತದೆ? ವರ್ಷಕ್ಕೊಮ್ಮೆ ಅಡಿಕೆ ಧಾರಣೆ ಕೇಳಿ ಮಾರುಕಟ್ಟೆ ಅರ್ಥವಾಯಿತು ಅಂದ ಹಾಗಾಗುತ್ತದೆ.

ಅಮೆರಿಕದವರು ಇದಕ್ಕೆ ಒಂದು ವ್ಯವಸ್ಥೆ ಮಾಡಿಕೊಂಡಿದ್ದಾರೆ. 1972ರಲ್ಲಿ ಅಲ್ಲಿ ಕರಾವಳಿ ವಲಯ ನಿರ್ವಹಣಾ ಕಾಯ್ದೆ ಬಂತು. ಅದರಲ್ಲೇ ಒಂದು ಕಲಂ, ಅಳಿವೆಗಳನ್ನು ಅಧ್ಯಯನಕ್ಕಾಗಿ ಕಾದಿರಿಸುವುದಕ್ಕೆ. 1974ರಲ್ಲಿ ಒರೆಗಾನ್ ರಾಜ್ಯದ ಕೂಸ್ ಬೇ ಹತ್ತಿರ ಸೌತ್ ಸ್ಲೂ ಅನ್ನುವ ಅಳಿವೆಯನ್ನು ಮೊದಲು ಆರಿಸಿದರು. 2022ರಲ್ಲಿ ಕನೆಟಿಕಟ್ ರಾಜ್ಯದ್ದು ಸೇರಿದಾಗ ಇಂಥ ರಾಷ್ಟ್ರೀಯ ಅಳಿವೆ ಸಂಶೋಧನಾ ಮೀಸಲುಗಳು 30 ಆದವು. ಅಲ್ಲಿನ ಕೇಂದ್ರ ಸರ್ಕಾರದ ಸಾಗರ ಮತ್ತು ವಾತಾವರಣ ಸಂಸ್ಥೆ, ಅಂದರೆ ನೋವಾ, ಹಣ ಮತ್ತು ಮಾರ್ಗದರ್ಶನ ಕೊಡುತ್ತದೆ. ಜಾಗವನ್ನು ನೋಡಿಕೊಳ್ಳುವುದು ಆಯಾ ರಾಜ್ಯದ ಇಲಾಖೆ ಅಥವಾ ವಿಶ್ವವಿದ್ಯಾಲಯ. ನಡುವೆ ಬಿಗಿಯಾಗಿ ಕಾಯುವ ತಿರುಳು ಪ್ರದೇಶ, ಸುತ್ತ ಅಂಚಿನ ಪ್ರದೇಶ.

1995ರಿಂದ ಈ ಮೀಸಲುಗಳೆಲ್ಲ ಒಂದೇ ಕ್ರಮದಲ್ಲಿ ನೀರನ್ನು ಅಳೆಯಲು ಶುರು ಮಾಡಿದವು. ನೀರೊಳಗೆ ಉಪಕರಣ ಇಟ್ಟಿರುತ್ತಾರೆ. ಪ್ರತಿ 15 ನಿಮಿಷಕ್ಕೊಮ್ಮೆ ಶಾಖ, ಉಪ್ಪು, ಆಮ್ಲಜನಕ, ಹುಳಿಯಂಶ, ಕದಡು, ಆಳ ಇಷ್ಟನ್ನೂ ಅದು ಬರೆದುಕೊಳ್ಳುತ್ತದೆ. ಎಲ್ಲ ಕಡೆಯ ಮಾಹಿತಿಯೂ ದಕ್ಷಿಣ ಕೆರೊಲಿನಾ ವಿಶ್ವವಿದ್ಯಾಲಯದ ಒಂದು ಕೇಂದ್ರಕ್ಕೆ ಬಂದು, ತಪ್ಪು ಒಪ್ಪು ನೋಡಿ, ಎಲ್ಲರಿಗೂ ಪುಕ್ಕಟೆಯಾಗಿ ಸಿಗುತ್ತದೆ. ಶಿವಮೊಗ್ಗದಲ್ಲಿ ಕೂತು ನೀವು ಒರೆಗಾನ್ ಅಳಿವೆಯ ಹಳೆಯ ಉಪ್ಪಿನ ಲೆಕ್ಕ ನೋಡಬಹುದು. ಗೇರುಸೊಪ್ಪೆಯ ಕೆಳಗಿನ ನಿನ್ನೆಯ ಉಪ್ಪಿನ ಲೆಕ್ಕವೂ ಹಾಗೇ ಸಿಗುವಂತಾಗಬೇಕು ಅನ್ನುವುದು ನನ್ನ ಆಸೆ.

ಅಲ್ಲಿನ ಎರಡು ಕೆಲಸ ಹೇಳುತ್ತೇನೆ. ಒಂದು ಸೌತ್ ಸ್ಲೂನದ್ದೇ. ಅಲ್ಲಿ ವಲಸೆ ಬಂದವರು ಜೌಗಿಗೆ ಒಡ್ಡು ಹಾಕಿ, ಭರತದ ನೀರು ತಡೆದು, ದನ ಮೇಯಿಸುವ ಹುಲ್ಲುಗಾವಲು ಮಾಡಿಕೊಂಡಿದ್ದರು. ನೀರು ಬರದೆ ನೆಲ ಒಣಗಿ ಕುಸಿಯಿತು. ಮೀಸಲಿನವರು ಒಡ್ಡು ತೆಗೆದರು. ಆದರೆ ಸುಮ್ನೆ ತೆಗೆಯಲಿಲ್ಲ. ಕುಸಿದ ನೆಲವನ್ನು ಕೆಲವು ಕಡೆ ಎತ್ತರ, ಕೆಲವು ಕಡೆ ತಗ್ಗು ಮಾಡಿ, ಯಾವ ಎತ್ತರದಲ್ಲಿ ಜೌಗಿನ ಗಿಡ ಬೇಗ ಹಿಡಿಯುತ್ತದೆ ಅಂತ ವರ್ಷಗಟ್ಟಲೆ ನೋಡಿದರು. ಕಾಯುವ ಕೆಲಸವೂ ಕಲಿಯುವ ಕೆಲಸವೂ ಒಟ್ಟಿಗೇ ನಡೆಯಿತು.

ಎರಡನೆಯದು ಕ್ಯಾಲಿಫೋರ್ನಿಯಾದ ಎಲ್ಕ್‌ಹಾರ್ನ್ ಸ್ಲೂ. ಅಲ್ಲಿ 1940ರ ದಶಕದಲ್ಲಿ ಬಂದರಿಗಾಗಿ ಅಳಿವೆಯ ಬಾಯನ್ನು ಅಗಲ ಮಾಡಿದರು. ಭರತದ ರಭಸ ಹೆಚ್ಚಾಗಿ ಜೌಗಿನ ದಂಡೆ ಕುಸಿಯುತ್ತ ಹೋಯಿತು. ಆಮೇಲೆ ಕಡಲ ನೀರುನಾಯಿಗಳು ಅಲ್ಲಿಗೆ ಮರಳಿ ಬಂದವು. ನಮ್ಮ ತುಂಗಭದ್ರೆಯ ನೀರುನಾಯಿಯ ಜಾತಿ ಅಲ್ಲ, ಅದರ ದೂರದ ನೆಂಟ. ದಂಡೆಗೆ ಬಿಲ ತೋಡಿ, ಗಿಡದ ಬೇರು ತಿನ್ನುವ ಏಡಿಗಳನ್ನು ಅವು ತಿಂದವು. ಏಡಿ ಕಡಿಮೆಯಾದಲ್ಲಿ ದಂಡೆ ಕುಸಿಯುವುದು ನಿಧಾನವಾಯಿತು. 2024ರಲ್ಲಿ ಪ್ರಕಟವಾದ ಅಧ್ಯಯನ ಇದು. ಇದು ಗೊತ್ತಾಗಿದ್ದು ಹೇಗೆ? ಆ ಜಾಗದಲ್ಲಿ ದಶಕಗಳಿಂದ ದಂಡೆಯ ಗೆರೆ, ಏಡಿಯ ಸಂಖ್ಯೆ, ನೀರಿನ ಗುಣ ಎಲ್ಲವನ್ನೂ ಬರೆದಿಡುತ್ತ ಬಂದಿದ್ದರು. ಮೊದಲು ಹೇಗಿತ್ತು ಅಂತ ಬರೆದಿಟ್ಟಿದ್ದರೆ ತಾನೇ ಈಗ ಏನು ಬದಲಾಯಿತು ಅಂತ ಹೇಳಲು ಸಾಧ್ಯ.

ನಮ್ಮಲ್ಲಿ ಇಂಥದ್ದು ಆಗುವುದಿಲ್ಲ ಅಂದುಕೊಳ್ಳಬೇಡಿ. ಒಡಿಶಾದ ಚಿಲಿಕಾ ಸರೋವರ ನೋಡಿ. 1981ರಲ್ಲೇ ಅದು ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗುಭೂಮಿಗಳ ಪಟ್ಟಿಗೆ, ಸೇರಿತ್ತು. ಆಮೇಲೆ ಸಮುದ್ರದ ಬಾಯಿ ಹೂಳು ತುಂಬಿ, ಉಪ್ಪು ಇಳಿದು, ಸಿಹಿ ನೀರಿನ ಕಳೆ ಹಬ್ಬಿ, ಮೀನು ಕಡಿಮೆಯಾಗಿ, 1993ರಲ್ಲಿ ಅಪಾಯದ ಜೌಗುಗಳ ಪಟ್ಟಿಗೂ ಸೇರಿತು. 1991ರಲ್ಲಿ ಅದಕ್ಕೇ ಅಂತ ಒಂದು ಪ್ರಾಧಿಕಾರ ಮಾಡಿದ್ದರು. ಅವರು ಅಧ್ಯಯನ ಮಾಡಿಸಿ, ನೀರಿನ ಹರಿವಿನ ಲೆಕ್ಕ ಹಾಕಿಸಿ, 2000ನೇ ಇಸವಿ ಸೆಪ್ಟೆಂಬರಿನಲ್ಲಿ ಹೊಸ ಬಾಯಿ ತೆರೆದರು. ಉಪ್ಪು ಮರಳಿತು, ಮೀನು ಮರಳಿತು, 2002ರಲ್ಲಿ ಅಪಾಯದ ಪಟ್ಟಿಯಿಂದ ಹೊರಬಂತು. ಶರಾವತಿಯದ್ದೂ ಉಪ್ಪು ಇಳಿದ ಕಥೆಯೇ. ಕಾರಣ ಬೇರೆ, ಹಾಗಾಗಿ ಪರಿಹಾರವೂ ಬೇರೆ. ಆದರೆ ಲೆಕ್ಕ ಹಾಕದೆ ಪರಿಹಾರ ಇಲ್ಲ ಅನ್ನುವುದು ಎರಡಕ್ಕೂ ಒಂದೇ.

ಅಘನಾಶಿನಿ ಅಳಿವೆಗೆ 2024ರ ಜನವರಿ ಕೊನೆಯಲ್ಲಿ ರಾಮ್ಸಾರ್ ಮಾನ್ಯತೆ ಸಿಕ್ಕಿತು. 4801 ಹೆಕ್ಟೇರ್. ಸಂತೋಷದ ವಿಷಯ. ಆದರೆ ಮಾನ್ಯತೆ ಬಂದ ಮೇಲಿನ ಕೆಲಸ ಬಹಳ ಇದೆ. ನಮ್ಮ ಕಾನೂನಿನಲ್ಲಿ ಒಂದು ತೊಡಕಿದೆ. 2017ರ ಜೌಗುಭೂಮಿ ನಿಯಮಗಳು ಕರಾವಳಿ ನಿಯಂತ್ರಣ ವಲಯದೊಳಗೆ ಬರುವ ಜೌಗಿಗೆ ಅನ್ವಯಿಸುವುದಿಲ್ಲ. ಅಲ್ಲಿಗೆ ಕರಾವಳಿ ವಲಯದ ಅಧಿಸೂಚನೆಯೇ ಕಾನೂನು. ಅದು ಕಾಂಡ್ಲಾ ಕಾಡಿಗೆ ಒಳ್ಳೆಯ ರಕ್ಷಣೆ ಕೊಡುತ್ತದೆ, ನಿಜ. ಆದರೆ ಅದು ಕಟ್ಟಡ, ಕೈಗಾರಿಕೆ ಎಲ್ಲಿ ಬೇಡ ಅಂತ ಹೇಳುವ ಕಾನೂನು. ಎಷ್ಟೋ ದೂರ ಮೇಲೆ ಘಟ್ಟದಲ್ಲಿ ನೀರನ್ನು ಯಾವ ತಿಂಗಳು ಬಿಡಬೇಕು ಅಂತ ಅದು ಹೇಳುವುದಿಲ್ಲ. ಅಳಿವೆಯ ಜೀವ ಇರುವುದು ಅದರಲ್ಲೇ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಶರಾವತಿ ಮಾತ್ರ ನಮ್ಮದು ಅಂದುಕೊಳ್ಳಬೇಡಿ. ಆಗುಂಬೆಯ ಮಳೆಯಲ್ಲಿ ಒಂದು ಪಾಲು ಮಾಲತಿಯಾಗಿ ತುಂಗೆಗೆ ಬರುತ್ತದೆ, ಇನ್ನೊಂದು ಪಾಲು ಘಟ್ಟ ಇಳಿದು ಸೀತಾನದಿಯಾಗುತ್ತದೆ. ವಾರಾಹಿ, ಚಕ್ರಾ ನಮ್ಮ ಜಿಲ್ಲೆಯ ಗುಡ್ಡಗಳಲ್ಲಿ ಹುಟ್ಟಿ ಕುಂದಾಪುರದ ಅಳಿವೆ ಸೇರುತ್ತವೆ. ಚಕ್ರಾ ಮತ್ತು ಸಾವೆಹಕ್ಲು ಜಲಾಶಯಗಳನ್ನು ನೋಡಿದವರು ಇಲ್ಲಿ ಇದ್ದೀರಿ. ಅಲ್ಲಿ ಹಿಡಿದ ನೀರನ್ನು ಲಿಂಗನಮಕ್ಕಿಗೆ ತಿರುಗಿಸುತ್ತಾರೆ. ಅಂದರೆ ಕುಂದಾಪುರಕ್ಕೆ ಹೋಗಬೇಕಾದ ನೀರು ಹೊನ್ನಾವರಕ್ಕೆ ಹೋಗುತ್ತಿದೆ. ಒಂದು ಅಳಿವೆಗೆ ಕಡಿಮೆ, ಇನ್ನೊಂದಕ್ಕೆ ಹೆಚ್ಚು. 2011ರ ಕರಾವಳಿ ಅಧಿಸೂಚನೆಯಲ್ಲಿ ದೇಶದ ತೀರಾ ಸೂಕ್ಷ್ಮ ಕರಾವಳಿ ಪ್ರದೇಶಗಳು ಅಂತ ಕೆಲವು ಹೆಸರು ಕೊಟ್ಟಿದ್ದಾರೆ. ಕರ್ನಾಟಕದ್ದು ಎರಡು, ಕಾರವಾರ ಮತ್ತು ಕುಂದಾಪುರ. ಅಷ್ಟು ಸೂಕ್ಷ್ಮ ಅಂತ ಒಪ್ಪಿಕೊಂಡ ಜಾಗದ ನೀರಿನ ಕೀಲಿ ಹೊಸನಗರ ತಾಲೂಕಿನಲ್ಲಿದೆ.

ನಮ್ಮ ತೋಟಗಳೂ ಇದರ ಹೊರಗಿಲ್ಲ. ಅಡಿಕೆಯ ಕೊಳೆರೋಗಕ್ಕೆ ನಾವು ಬೋರ್ಡೋ ದ್ರಾವಣ ಹೊಡೆಯುತ್ತೇವೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ. ಹೊಡೆಯದೆ ಅಡಿಕೆ ಉಳಿಯುವುದಿಲ್ಲ, ನನಗೂ ಗೊತ್ತು. ಮೈಲುತುತ್ತಿನಲ್ಲಿರುವ ತಾಮ್ರ ಚಿಪ್ಪುಜೀವಿಗಳ ಮರಿಗಳಿಗೆ ವಿಷ ಅನ್ನುವುದೂ ಗೊತ್ತಿರುವ ವಿಷಯವೇ. ತೋಟದ ಮಣ್ಣಲ್ಲಿ ಎಷ್ಟು ನಿಲ್ಲುತ್ತದೆ, ಜಲಾಶಯದ ಹೂಳಲ್ಲಿ ಎಷ್ಟು ಕೂರುತ್ತದೆ, ಅಳಿವೆಗೆ ಎಷ್ಟು ಮುಟ್ಟುತ್ತದೆ, ಇದನ್ನು ಅಳೆದು ಹೇಳುವುದು ಇಂಥ ಸಂಶೋಧನಾ ಮೀಸಲಿನ ಕೆಲಸ. ಅಳೆದರೆ ಬೆಳೆಗಾರರಿಗೂ ಒಳ್ಳೆಯದು. ಇಲ್ಲದಿದ್ದರೆ ನಾಳೆ ಯಾರೋ ಬಂದು ಎಲ್ಲ ತಪ್ಪೂ ತೋಟದವರದ್ದು ಅಂದರೆ ಇಲ್ಲ ಅನ್ನಲು ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಹಿಂದಿನ ಸಾಲಿನಿಂದ ಒಬ್ಬರು ಹಿರಿಯರು ಕೇಳಿದರು, "ಮೇಷ್ಟ್ರೇ, ಮೀಸಲು ಅಂದ್ರೆ ಕೊನೆಗೆ ಅಲ್ಲಿದ್ದ ಜನರನ್ನ ಎಬ್ಬಿಸೋದಲ್ವಾ?" ಈ ಪ್ರಶ್ನೆ ಮಲೆನಾಡಿನಲ್ಲಿ ಬರದಿದ್ದರೆ ಆಶ್ಚರ್ಯವಾಗುತ್ತಿತ್ತು. ಒಂದು ಸಲ ಮುಳುಗಡೆಗೆ ಎದ್ದು, ಇನ್ನೊಂದು ಸಲ ಅರಣ್ಯದ ನೋಟಿಸಿಗೆ ಹೆದರಿ ಬದುಕಿದ ಊರು ಇದು. ಮೀಸಲು ಅಂದ ಕೂಡಲೇ ಎದೆ ಧಸಕ್ಕೆನ್ನುವುದು ಸಹಜ. ಹಾಗಾಗಿ ಸ್ಪಷ್ಟವಾಗಿ ಹೇಳುತ್ತೇನೆ. ನಾನು ಕೇಳುತ್ತಿರುವುದು ಬೇಲಿ ಹಾಕಿ ಜನರನ್ನು ಹೊರಗಿಡುವ ಮೀಸಲಲ್ಲ. ಅಮೆರಿಕದ ಮೀಸಲುಗಳಲ್ಲೂ ಬಹಳ ಕಡೆ ಮೀನುಗಾರಿಕೆ ನಡೆಯುತ್ತದೆ. ನಮ್ಮ ಅಳಿವೆಗಳಂತೂ ಜನರ ಜೊತೆಗೇ ಬೆಳೆದವು.

ಗಜನಿ ಭತ್ತದ ಕಥೆ ಕೇಳಿ. ಅಘನಾಶಿನಿ ಅಳಿವೆಯ ಅಂಚಿನ ಗದ್ದೆಗಳಿಗೆ ಗಜನಿ ಅಂತಾರೆ. ಮಾಣಿಕಟ್ಟಾ ಕಡೆ ಅಲ್ಲಿ ಕಗ್ಗ ಅನ್ನುವ ಭತ್ತ ಬೆಳೆಯುತ್ತಾರೆ. ಉಪ್ಪು ತಡೆಯುತ್ತದೆ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಕೊಳೆಯುವುದಿಲ್ಲ. ಮಳೆ ಬಂದು ಮಣ್ಣಿನ ಉಪ್ಪು ತೊಳೆದ ಮೇಲೆ ಬಿತ್ತುತ್ತಾರೆ, ಗೊಬ್ಬರ ಹಾಕುವುದಿಲ್ಲ. ಕೊಯ್ಲಾದ ಮೇಲೆ ಒಡ್ಡಿನ ತೂಬು ತೆರೆದು ಭರತದ ನೀರು ಒಳಗೆ ಬಿಡುತ್ತಾರೆ. ಉಳಿದ ಹುಲ್ಲು ಕೊಳೆತು ಸಿಗಡಿಗೆ, ಮೀನಿಗೆ ಆಹಾರ. ಮೀನು ಇದ್ದು ಹೋದ ನೆಲ ಮುಂದಿನ ಭತ್ತಕ್ಕೆ ಗೊಬ್ಬರ. ಹಕ್ಕಿಗಳಿಗೆ ಬೇಸಿಗೆಯಿಡೀ ಊಟ. ಒಂದೇ ಗದ್ದೆಯಲ್ಲಿ ಅನ್ನ, ಮೀನು ಎರಡೂ. ಇದನ್ನು ರೂಪಿಸಿದವರು ಅಲ್ಲಿನ ರೈತರು, ಅದೂ ತಲೆಮಾರುಗಳ ಕಾಲ ಉಪ್ಪನ್ನು ಗಮನಿಸಿ. ಮೊದಲ ಸಂಶೋಧಕರು ಅವರೇ ಅಂತ ನಾನು ನಂಬುತ್ತೇನೆ.

ಆಮೇಲೆ ಕಾಯಂ ಒಡ್ಡುಗಳು ಬಂದವು. ಒಡ್ಡಿನ ಒಳಗೆ ಭರತ ಸರಿಯಾಗಿ ಬರದೆ ಕಾಂಡ್ಲಾ ಸತ್ತಿತು. ಆಮೇಲೆ ಬರೀ ಸಿಗಡಿ ಸಾಕುವ ಹುಚ್ಚು ಬಂತು. ಭತ್ತ ಬಿಟ್ಟರು, ಸಿಗಡಿಗೆ ರೋಗ ಬಂತು, ಗದ್ದೆ ಪಾಳು ಬಿತ್ತು. ಕರಾವಳಿ ವಲಯದಲ್ಲಿ ಭಾರಿ ಪ್ರಮಾಣದ ಸಿಗಡಿ ಕೃಷಿ ಬೇಡ ಅಂತ ಸುಪ್ರೀಂ ಕೋರ್ಟು 1996ರಲ್ಲೇ ಹೇಳಿತು. ಆ ತೀರ್ಪೇ ಸಾಂಪ್ರದಾಯಿಕ ಪದ್ಧತಿಗಳನ್ನು ಬೇರೆಯಾಗಿ ನೋಡಿತು ಅನ್ನುವುದನ್ನು ಗಮನಿಸಿ. ಈಗ ಕಗ್ಗವನ್ನು ಉಳಿಸಿಕೊಂಡ ಕೆಲವೇ ರೈತರು ಇದ್ದಾರೆ. ಸಂಶೋಧನಾ ಮೀಸಲು ಮಾಡುವುದಾದರೆ ಮೊದಲ ಕೆಲಸ ಈ ರೈತರ ಗದ್ದೆಯ ಪಕ್ಕ ಉಪ್ಪಿನ ಮಾಪಕ ಇಡುವುದು, ಮತ್ತು ಕೆಲವು ಪಾಳು ಗಜನಿಯ ಒಡ್ಡನ್ನು ಸೌತ್ ಸ್ಲೂನವರು ಮಾಡಿದ ಹಾಗೆ, ಮಾಲೀಕರ ಒಪ್ಪಿಗೆ ಪಡೆದು, ತೆರೆದು ನೋಡುವುದು.

ಇದಕ್ಕೆ ನಮ್ಮ ಕಾನೂನಿನಲ್ಲಿ ದಾರಿ ಇದೆ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ತಂದು ಸಂರಕ್ಷಣಾ ಮೀಸಲು, ಸಮುದಾಯ ಮೀಸಲು ಅಂತ ಎರಡು ಸೇರಿಸಿದರು. ಸಮುದಾಯ ಮೀಸಲನ್ನು ಜನರೇ ಮುಂದೆ ಬಂದು ಕೇಳಬೇಕು. ಜೀವವೈವಿಧ್ಯ ಕಾಯ್ದೆಯಲ್ಲಿ ಪಾರಂಪರಿಕ ತಾಣ ಅಂತ ಇದೆ. ನಮ್ಮ ಜಿಲ್ಲೆಯ ಅಂಬಾರಗುಡ್ಡಕ್ಕೆ 2011ರಲ್ಲಿ ಆ ಸ್ಥಾನ ಸಿಕ್ಕಿದೆ. ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ಸಮಿತಿ ಇರಬೇಕು, ಅದು ಊರಿನ ದಾಖಲೆ ಬರೆಯಬೇಕು. ಆದರೆ ಯಾವ ದಾರಿ ಹಿಡಿದರೂ ಬಳಚು ಆರಿಸುವ ಹೆಂಗಸರು, ದೋಣಿಯವರು, ಗಜನಿ ರೈತರು ಆ ಮೀಸಲಿನ ಸಮಿತಿಯಲ್ಲಿ ಮತ ಹಾಕುವ ಸದಸ್ಯರಾಗಿರಬೇಕು. ಸಭೆಗೆ ಕರೆದು ಚಹಾ ಕೊಟ್ಟು ಸಹಿ ಹಾಕಿಸಿಕೊಳ್ಳುವುದಾದರೆ ಅಂಥ ಮೀಸಲು ನನಗೂ ಬೇಡ.

ಒಂದು ಜಾಗವನ್ನು ಅಧ್ಯಯನಕ್ಕೆ ಬಿಟ್ಟುಕೊಟ್ಟರೆ ಏನಾಗುತ್ತದೆ ಅಂತ ನಾವು ಕಣ್ಣೆದುರೇ ನೋಡಿದ್ದೇವೆ. ಆಗುಂಬೆಯಲ್ಲಿ 2005ರಲ್ಲಿ ರೋಮುಲಸ್ ವಿಟೇಕರ್ ಅವರು ಮಳೆಕಾಡು ಸಂಶೋಧನಾ ಕೇಂದ್ರ ಶುರು ಮಾಡಿದರು. ಕಾಳಿಂಗ ಸರ್ಪಕ್ಕೆ ರೇಡಿಯೋ ಸಾಧನ ಅಳವಡಿಸಿ ಅದರ ಓಡಾಟ ಹಿಂಬಾಲಿಸಿದ್ದು ಅಲ್ಲಿ. ಇವತ್ತು ಆ ಸುತ್ತಿನ ಊರಲ್ಲಿ ಕಾಳಿಂಗ ಮನೆಗೆ ಬಂದರೆ ಜನ ಹೊಡೆಯುವುದಿಲ್ಲ, ಫೋನ್ ಮಾಡುತ್ತಾರೆ. ಹಾವಿಗೆ ಮೊದಲಿಂದ ಇದ್ದ ಗೌರವದ ಜೊತೆ ತಿಳಿವಳಿಕೆಯೂ ಸೇರಿತು. ಬಳಚಿಗೆ, ಕಾಂಡ್ಲಾಕ್ಕೆ ಅಂಥದ್ದೇ ಒಂದು ಕೇಂದ್ರ ಬೇಕು.

ವಿಜ್ಞಾನ ಮತ್ತು ಜನ ಒಟ್ಟಿಗೆ ಕೂತ ಉದಾಹರಣೆ ಇನ್ನೂ ಹಳೆಯದಿದೆ. ಬೇಡ್ತಿ ಅಣೆಕಟ್ಟಿನ ಪ್ರಸ್ತಾಪ ಬಂದಾಗ 1981ರಲ್ಲಿ ಶಿರಸಿಯಲ್ಲಿ ತೋಟಗಾರರು ಮತ್ತು ವಿಜ್ಞಾನಿಗಳು ಸೇರಿ ಲಾಭ ನಷ್ಟದ ಲೆಕ್ಕ ಹಾಕಿದರು. ಆ ಯೋಜನೆ ಆಗ ನಿಂತಿತು. ಬೇಡ್ತಿಯೇ ಕೆಳಗೆ ಗಂಗಾವಳಿ. ಆ ಅಳಿವೆ ಇವತ್ತು ಇರುವ ಹಾಗೆ ಇರಲು ಅಡಿಕೆ ಬೆಳೆಗಾರರ ಆ ಲೆಕ್ಕವೂ ಒಂದು ಕಾರಣ.

ಈಗ ನಮ್ಮೆದುರು ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಇದೆ. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೀರನ್ನು ಮೇಲೆ ಕೆಳಗೆ ಆಡಿಸಿ 2000 ಮೆಗಾವಾಟ್ ತೆಗೆಯುವ ಪ್ರಸ್ತಾಪ. ಕಾಡಿನ ಬಗ್ಗೆ, ಸಿಂಗಳೀಕದ ಬಗ್ಗೆ ಚರ್ಚೆ ಆಗುತ್ತಿದೆ, ಆಗಲೇಬೇಕು. ನಾನು ಆ ಯೋಜನೆಯನ್ನು ಒಪ್ಪುವುದಿಲ್ಲ. ಆದರೆ ಒಪ್ಪುವವರಿಗೂ ಒಂದು ಪ್ರಶ್ನೆ ಕೇಳಬೇಕು. ಗೇರುಸೊಪ್ಪೆಯಿಂದ ಹೊನ್ನಾವರಕ್ಕೆ ಹೋಗುವ ನೀರಿನ ಹೊತ್ತು, ಅಳತೆ ಬದಲಾದರೆ ಅಳಿವೆಯಲ್ಲಿ ಉಪ್ಪು ಎಲ್ಲಿಯವರೆಗೆ ಬರುತ್ತದೆ? ಇದಕ್ಕೆ ಉತ್ತರ ಹೇಳಲು ಇವತ್ತು ಎಲ್ಲಿಯವರೆಗೆ ಬರುತ್ತಿದೆ ಅನ್ನುವ ವರ್ಷವಿಡೀ ಬರೆದ ದಾಖಲೆ ಬೇಕು. ಕಾಮಗಾರಿ ಶುರುವಾದ ಮೇಲೆ ಅಳೆಯಲು ಕೂತರೆ ಹೋಲಿಸಲು ಹಳೆಯದು ಸಿಗುವುದಿಲ್ಲ.

ಹಾಗಾಗಿ ನನ್ನ ಬೇಡಿಕೆ ದೊಡ್ಡ ಕಟ್ಟಡದ್ದಲ್ಲ. ಶರಾವತಿ ಮತ್ತು ಅಘನಾಶಿನಿ ಎರಡನ್ನೂ ಸೇರಿಸಿ ಒಂದು ಜೋಡಿ ಸಂಶೋಧನಾ ಮೀಸಲು. ಶರಾವತಿಯಲ್ಲಿ ಗೇರುಸೊಪ್ಪೆಯ ಕೆಳಗೆ ಒಂದು, ಮಾವಿನಕುರ್ವೆ ಹತ್ತಿರ ಒಂದು, ಹೊನ್ನಾವರ ಸೇತುವೆ ಬಳಿ ಒಂದು ಮಾಪಕ. ಅಘನಾಶಿನಿಯಲ್ಲಿ ದಿವಗಿ, ಮಿರ್ಜಾನ್, ತದಡಿ. ಎರಡೂ ಕಡೆ ಒಂದೇ ಉಪಕರಣ, ಒಂದೇ ಹೊತ್ತು, ಒಂದೇ ಕ್ರಮ. ಜೊತೆಗೆ ಲಿಂಗನಮಕ್ಕಿ, ಗೇರುಸೊಪ್ಪೆಯಿಂದ ಗಂಟೆಗೆ ಎಷ್ಟು ನೀರು ಬಿಟ್ಟರು ಅನ್ನುವ ಲೆಕ್ಕ ಅದರ ಪಕ್ಕದಲ್ಲೇ ಎಲ್ಲರಿಗೂ ಕಾಣಬೇಕು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ, ಕಾರವಾರದ ಕಡಲ ಜೀವಶಾಸ್ತ್ರ ವಿಭಾಗದಲ್ಲಿ ಈ ಕೆಲಸ ತಿಳಿದವರಿದ್ದಾರೆ. ಘಟ್ಟದ ಮೇಲಿನ ಕಾಲೇಜು ಮಕ್ಕಳು ಹೊಳೆಯ ಹುಟ್ಟಿನಲ್ಲಿ, ಕೆಳಗಿನ ಮಕ್ಕಳು ಬಾಯಲ್ಲಿ ಅಳೆಯಲಿ, ವರ್ಷಕ್ಕೊಮ್ಮೆ ಜಾಗ ಬದಲಾಯಿಸಿಕೊಳ್ಳಲಿ.

ಒಂದು ಕಷ್ಟ ಮೊದಲೇ ಹೇಳಿಬಿಡುತ್ತೇನೆ. ಅಳಿವೆಯ ನೀರಲ್ಲಿ ಇಟ್ಟ ಯಾವ ವಸ್ತುವಿಗೂ ಕೆಲವೇ ವಾರಗಳಲ್ಲಿ ಪಾಚಿ, ಚಿಪ್ಪು ಅಂಟಿಕೊಳ್ಳುತ್ತದೆ. ಮಾಪಕದ ಕಣ್ಣು ಮುಚ್ಚಿದರೆ ಅದು ಸುಳ್ಳು ಲೆಕ್ಕ ಬರೆಯುತ್ತದೆ. ಹಾಗಾಗಿ ಯಾರಾದರೂ ದೋಣಿಯಲ್ಲಿ ಹೋಗಿ ತೆಗೆದು, ತೊಳೆದು, ಸರಿ ಇದೆಯಾ ಅಂತ ನೋಡಿ, ಮತ್ತೆ ಇಡಬೇಕು. ಮಳೆಗಾಲದಲ್ಲೂ ಹೋಗಬೇಕು. ಇದು ಬೆಂಗಳೂರಿನಿಂದ ಬಂದು ಮಾಡುವ ಕೆಲಸವಲ್ಲ. ಆ ನೀರಲ್ಲೇ ಬೆಳೆದ ಹುಡುಗರಿಗೆ, ಹುಡುಗಿಯರಿಗೆ ತರಬೇತಿ ಕೊಟ್ಟು, ಸರಿಯಾದ ಸಂಬಳ ಕೊಟ್ಟು ಮಾಡಿಸಬೇಕಾದ ಕೆಲಸ. ನಮ್ಮಲ್ಲಿ ಉಪಕರಣ ಕೊಳ್ಳಲು ಹಣ ಸಿಗುತ್ತದೆ, ಅದನ್ನು ತೊಳೆಯುವವರ ಸಂಬಳಕ್ಕೆ ಸಿಗುವುದಿಲ್ಲ. ಮನವಿ ಬರೆಯುವಾಗ ಆ ಸಂಬಳದ ಸಾಲನ್ನು ಮೊದಲು ಬರೆಯಿರಿ. ಮತ್ತು ಮುಂಗಾರಿಗೆ ಮುಂಚೆಯೇ ಮಾಪಕ ನೀರಿಗೆ ಇಳಿಯಬೇಕು. ಜೂನಿನ ಮೊದಲ ನೆರೆ ಬಂದು ಉಪ್ಪನ್ನು ಹೊರಗೆ ತಳ್ಳುವ ಆ ಕೆಲವು ದಿನಗಳಲ್ಲಿ ಎರಡು ಹೊಳೆಗಳೂ ಹೇಗೆ ಬೇರೆ ಬೇರೆಯಾಗಿ ನಡೆದುಕೊಳ್ಳುತ್ತವೆ ಅನ್ನುವುದೇ ನಮಗೆ ಬೇಕಾದ ಮೊದಲ ಲೆಕ್ಕ.